ಬಿಎಸ್ಸಿ ಎರಡನೇ ವರ್ಷ: ಸ್ಟೈಪೆಂಡ್ ಸಿಗುವ ಬೇಸಿಗೆ ಸಂಶೋಧನೆಗೆ ಎಲ್ಲಿ ಅರ್ಜಿ ಹಾಕಲಿ?

ಪ್ರಶ್ನೆ (ವಿದ್ಯಾರ್ಥಿನಿ, ಶಿರಸಿ ಕಡೆ)

ಸರ್ಕಾರಿ ಕಾಲೇಜಲ್ಲಿ ಮೂರನೇ ಸೆಮಿಸ್ಟರ್ ಓದ್ತಿದ್ದೀನಿ, ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ. ಬೇಸಿಗೆ ರಜೆಯಲ್ಲಿ ಒಳ್ಳೆಯ ಲ್ಯಾಬಿನಲ್ಲಿ ಕೆಲಸ ಕಲಿಯಬೇಕು ಅನ್ನೋ ಆಸೆ. ಮನೆಯಲ್ಲಿ ಇರೋದು ಸಣ್ಣ ಅಡಿಕೆ ತೋಟ. ಎರಡು ತಿಂಗಳು ಬೆಂಗಳೂರಲ್ಲಿರೋಕೆ ಅಪ್ಪನ ಹತ್ರ ದುಡ್ಡು ಕೇಳೋ ಹಾಗಿಲ್ಲ, ಸ್ಟೈಪೆಂಡ್ ಇದ್ದರಷ್ಟೇ ಹೋಗಬಹುದು. ಐದು ಸಾವಿರ ಕಟ್ಟಿದರೆ ರಿಸರ್ಚ್ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಸಮೇತ ಅಂತ ವಾಟ್ಸಾಪಲ್ಲಿ ಒಂದು ಪೋಸ್ಟರ್ ಬಂದಿದೆ. ಸೇರಬಹುದಾ? ವಿಜ್ಞಾನ ವಿದ್ಯಾರ್ಥಿವೇತನದ ಕೆವಿಪಿವೈ ಪರೀಕ್ಷೆ ಬರೆಯಬಹುದಾ?

ಉತ್ತರ (ರಸಾಯನಶಾಸ್ತ್ರ ಪಿಎಚ್‌ಡಿ, ಬೆಂಗಳೂರು)

ತಂಗಿ, ಆ ಐದು ಸಾವಿರ ದಯವಿಟ್ಟು ಕಟ್ಟಬೇಡ. ಕೆಲಸ ಮಾಡೋಳು ನೀನು, ದುಡ್ಡು ಅವರು ಕೊಡಬೇಕು. ಹಳ್ಳಿ ಕಾಲೇಜಿನ ಮಕ್ಕಳನ್ನೇ ಹುಡುಕಿ ಇಂಥ ಪೋಸ್ಟರ್ ಕಳಿಸೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಕೆವಿಪಿವೈ ಪರೀಕ್ಷೆ ಈಗಿಲ್ಲ, 2022ರಲ್ಲಿ ಅದನ್ನು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆ ಜೊತೆ ಸೇರಿಸಿದರು.

ನೀನು ಮೊದಲು ಹಾಕಬೇಕಾದ್ದು ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಇನ್ಸಾ, ಪ್ರಯಾಗರಾಜದ ನಾಸಿ ಸೇರಿ ನಡೆಸುತ್ತವೆ, ಅರ್ಜಿ ಒಂದೇ. ಎರಡು ತಿಂಗಳ ಕೆಲಸ, ಸ್ಟೈಪೆಂಡ್ ಉಂಟು. ದೀಪಾವಳಿ ಹೊತ್ತಿಗೇ ವೆಬ್‌ಸೈಟ್ ನೋಡ್ತಾ ಇರು. ಬೇಸಿಗೆ ಬಂದಮೇಲೆ ಹುಡುಕಿದರೆ ಏನೂ ಸಿಗಲ್ಲ. ಬೆಂಗಳೂರು ಜಕ್ಕೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತೆ, ಅದಕ್ಕೂ ಹಾಕು.

ಅಂಕದಷ್ಟೇ ಮುಖ್ಯ, ಏನು ಮಾಡಬೇಕೆಂದಿದ್ದೀ ಅಂತ ಬರೆಯೋ ಆ ಒಂದು ಪ್ಯಾರಾ. ‘ಸಂಶೋಧನೆಯಲ್ಲಿ ಅಪಾರ ಆಸಕ್ತಿ’ ಅಂತ ಎಲ್ಲರೂ ಬರೀತಾರೆ. ನಿನ್ನ ಹತ್ರ ತೋಟವೇ ಇದೆಯಲ್ಲ! ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸ್ತೀರಿ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಅಡಿಕೆ ಗೊನೆಗೆ ಹೊಡೆದ ಮದ್ದು ಮಳೆಗೆ ತೊಳೆದು ಬುಡಕ್ಕೆ ಇಳಿಯುತ್ತೆ. ವರ್ಷಾನುವರ್ಷ ಹೀಗೆ ಸೇರಿದ ತಾಮ್ರ ಮಣ್ಣಿನ ಯಾವ ಪದರದಲ್ಲಿ ನಿಂತಿದೆ? ಬೇರಿನ ಜೊತೆ ಬದುಕೋ ಶಿಲೀಂಧ್ರಗಳಿಗೆ ಅದರಿಂದ ಏನಾಗ್ತಿದೆ? ಹೊಡೆಸದ ಜಾಗದ ಮಣ್ಣು ಪಕ್ಕದಲ್ಲೇ ಸಿಗುತ್ತೆ, ಹೋಲಿಸಬಹುದು. ತಾಮ್ರ ಅಳೆಯೋಕೆ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರ ಬೇಕು, ಅದಕ್ಕಾಗಿಯೇ ದೊಡ್ಡ ಲ್ಯಾಬಿಗೆ ಬರ್ತಿದ್ದೀನಿ ಅಂತ ಬರೆ. ಇಂಥ ಅರ್ಜಿ ಓದಿದವರಿಗೆ ಈ ಹುಡುಗಿ ಯೋಚನೆ ಮಾಡ್ತಾಳೆ ಅಂತ ಗೊತ್ತಾಗುತ್ತೆ.

ಇನ್ನೊಂದು, ಸ್ಟೈಪೆಂಡ್ ಮೊದಲ ದಿನವೇ ಕೈಗೆ ಬರುತ್ತೆ ಅಂದುಕೊಳ್ಳಬೇಡ. ಮೊದಲ ತಿಂಗಳ ಊಟ, ಬಾಡಿಗೆಗೆ ಹೊಂದಿಸಿಕೊಂಡೇ ಹೊರಡು. ಆಯ್ಕೆಯಾದ ಕೂಡಲೇ ಗೈಡ್‌ಗೆ ಮೇಲ್ ಮಾಡಿ ಹಾಸ್ಟೆಲ್ ಕೇಳು.

ಉತ್ತರ (ಪದವಿ ಕಾಲೇಜು ಉಪನ್ಯಾಸಕ, ಹಾಸನ)

ಮೇಲಿನವರು ಹೇಳಿದ್ದು ಸರಿ. ವಿದ್ಯಾರ್ಥಿವೇತನದ ಬಗ್ಗೆ ನಾನು ಸೇರಿಸ್ತೀನಿ. ಇನ್‌ಸ್ಪೈರ್ ಯೋಜನೆಯಲ್ಲೇ ವಿಜ್ಞಾನ ಪದವಿ ಓದೋರಿಗೆ ಇರೋ ಇನ್‌ಸ್ಪೈರ್-ಶಿ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆ ಪ್ರಾಜೆಕ್ಟಿಗೆ. ಪಿಯುಸಿಯಲ್ಲಿ ಬೋರ್ಡಿನ ಮೊದಲ ಶೇಕಡಾ 1ರೊಳಗೆ ಇದ್ದು, ಮೊದಲ ವರ್ಷದಲ್ಲೇ ಹಾಕಬೇಕು. ನಿನಗೆ ಆ ಸಮಯ ದಾಟಿದೆ, ಆದರೆ ನಿನ್ನ ಜೂನಿಯರ್‌ಗಳಿಗೆ ತಪ್ಪದೆ ಹೇಳು, ಎಷ್ಟೋ ಮಕ್ಕಳು ತಿಳಿಯದೇ ಕಳಕೊಳ್ತಾರೆ. ನೀನು ಹಿಂದುಳಿದ ವರ್ಗದವಳಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಕ್ಕಿಲ್ಲ ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ವಿದ್ಯಾಸಿರಿಗೆ ಹಾಕು, ಊಟ, ವಸತಿಗೆ ಅಂತ ಹತ್ತು ತಿಂಗಳು ದುಡ್ಡು ಕೊಡ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲೇ ಬ್ಯಾಂಕಿಗೆ ಹೋಗಿ ವಿಚಾರಿಸು. ಮಂಜೂರಾದ ಹಣ ನಿಂತುಹೋಗೋದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ ಕೇಳಿದವರು

ಅಕ್ಕಾ, ಸರ್, ತುಂಬಾ ಥ್ಯಾಂಕ್ಸ್. ಶಿಫಾರಸು ಪತ್ರ ಬೇಕಂತಲ್ಲ, ನಮ್ಮ ಕ್ಲಾಸಲ್ಲಿ ಎಂಬತ್ತು ಜನ, ಸರ್‌ಗೆ ನನ್ನ ಹೆಸರೂ ಗೊತ್ತಿಲ್ಲ. ಹೇಗೆ ಕೇಳಲಿ?

ಉತ್ತರ (ಉಪನ್ಯಾಸಕ, ಹಾಸನ)

ಪ್ರಾಕ್ಟಿಕಲ್ ಮುಗಿದಮೇಲೆ ಲ್ಯಾಬಲ್ಲೇ ಮಾತಾಡಿಸು. ಬರೆದ ಪ್ಯಾರಾ, ಅಂಕಪಟ್ಟಿ, ರೆಕಾರ್ಡ್ ಪುಸ್ತಕ ಕೈಯಲ್ಲಿರಲಿ. ಪತ್ರದ ಮಾತು ಆಮೇಲೆ. ಮೊದಲು ‘ಸರ್, ತೋಟದ ಮಣ್ಣಿನ ಪಿಎಚ್ ನಮ್ಮ ಲ್ಯಾಬಲ್ಲಿ ನೋಡಬಹುದಾ’ ಅಂತ ಕೇಳು. ಅಷ್ಟು ಕೆಲಸ ನಿನ್ನ ಕೈಯಿಂದ ಅವರೆದುರಿಗೆ ಆದರೆ, ಪತ್ರದಲ್ಲಿ ಬರೆಯೋಕೆ ಅವರಿಗೂ ಏನಾದರೂ ಇರುತ್ತೆ. ಕೊನೇ ದಿನಾಂಕಕ್ಕೆ ಮೂರು ವಾರ ಮುಂಚೆಯೇ ಕೇಳು, ಇಂಟರ್ನಲ್ಸ್ ಶುರುವಾದರೆ ನಮಗೆ ತಲೆ ಎತ್ತೋಕೂ ಪುರುಸೊತ್ತಿರಲ್ಲ.