ಟ್ಯೂಷನ್‌ಗೆ ಧಾರಾಳವಾಗಿ ಕಳಿಸಿ ಅತ್ತಿಗೆ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಪೂರ್ತಿ ಕೇಳಿ. ಪಕ್ಕದ ಬೀದಿಯ ಮಗುವಿಗೆ ಜಪಾನೀಸ್ ಎನ್ಸೆಫಲೈಟಿಸ್ (ಜೆಇ), ಅಂದರೆ ಒಂದು ಬಗೆಯ ಮೆದುಳು ಜ್ವರ, ಅಂತ ಮಂಡ್ಯದಲ್ಲಿ ಹೇಳಿದ್ದಾರೆ, ಆ ಮಗುವಿನ ಅಣ್ಣ ಬರುವ ಟ್ಯೂಷನ್‌ಗೆ ನಮ್ಮ ಪುಟ್ಟನನ್ನು ಕಳಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಳಿಸಿ. ಈ ಜ್ವರ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ. ಆ ಮನೆಯವರು ಈಗ ಆಸ್ಪತ್ರೆಗೂ ಮನೆಗೂ ಓಡಾಡುತ್ತಿರುತ್ತಾರೆ, ಆಗುವುದಾದರೆ ಎರಡು ಹೊತ್ತಿನ ಊಟ ಕಳಿಸಿಕೊಡಿ.

ಇದನ್ನು ಹರಡುವುದು ಸೊಳ್ಳೆ. ಅದೂ ಗದ್ದೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ವೈರಸ್ ಇರುವುದು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ. ಅಲ್ಲಿಂದ ಹಂದಿಗೆ ಬಂದರೆ ಅದರ ರಕ್ತದಲ್ಲಿ ಜಾಸ್ತಿಯಾಗುತ್ತದೆ. ಹಂದಿಯನ್ನು ಕಚ್ಚಿದ ಸೊಳ್ಳೆ ನಮ್ಮನ್ನು ಕಚ್ಚಿದರೆ ನಮಗೆ ಬರುತ್ತದೆ. ಆದರೆ ನಮ್ಮ ರಕ್ತದಲ್ಲಿ ಇನ್ನೊಂದು ಸೊಳ್ಳೆಗೆ ತಗಲುವಷ್ಟು ವೈರಸ್ ಇರುವುದಿಲ್ಲ. ಅಲ್ಲಿಗೆ ಸರಪಳಿ ತುಂಡಾಯಿತು. ಮಳೆಗಾಲದಲ್ಲಿ, ಅದು ಮುಗಿಯುವ ಹೊತ್ತಿನಲ್ಲಿ ಜಾಸ್ತಿ ಕಾಣುವುದು ಗದ್ದೆಯಲ್ಲಿ ನೀರು ನಿಂತಿರುವುದರಿಂದಲೇ. ಈ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ತನಕ. ಪುಟ್ಟ ಮಲಗುವಾಗ ಪರದೆ ಕಟ್ಟಿ, ಸಂಜೆ ಆಡಲು ಹೋದಾಗ ತುಂಬುತೋಳಿನ ಅಂಗಿ ಹಾಕಿ.

ಮಕ್ಕಳಿಗೇ ಯಾಕೆ ಅಂತ ನೀವು ಕೇಳಿದ್ದು ಒಳ್ಳೆ ಪ್ರಶ್ನೆ. ವೈರಸ್ ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಜೋರಾಗುತ್ತದೆ. ಉಳಿದವರಿಗೆ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಗದ್ದೆ ಬಯಲಿನಲ್ಲಿ ಬೆಳೆದ ದೊಡ್ಡವರಿಗೆ ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ಹಾಗೆ ಬಂದು ಹೋಗಿ ರೋಗ ತಡೆಯುವ ಶಕ್ತಿ ಬಂದಿರುತ್ತದೆ. ಮಕ್ಕಳಿಗೆ ಅದು ಇರುವುದಿಲ್ಲ ಅಲ್ವಾ. ಆ ಒಬ್ಬರಿಗೆ ಮಾತ್ರ ತುಂಬಾ ಕಷ್ಟ. ಮೆದುಳಿಗೆ ಏರಿದವರಲ್ಲಿ 100ಕ್ಕೆ 30 ಜನರವರೆಗೂ ಸಾಯುತ್ತಾರೆ, ಉಳಿದುಕೊಂಡವರಲ್ಲೂ ಕೆಲವರಿಗೆ ಕೈಕಾಲು, ಮಾತು, ಬುದ್ಧಿಯ ತೊಂದರೆ ಹಾಗೇ ಉಳಿಯುತ್ತದೆ. ವೈರಸ್ ಕೊಲ್ಲುವ ಔಷಧ ಇದಕ್ಕಿಲ್ಲ. ಲಸಿಕೆ ಇದೆ.

ಚಿಕ್ಕಪ್ಪ, ಲಿಚಿ ಹಣ್ಣು ತಿಂದರೆ ಮಕ್ಕಳಿಗೆ ಮೆದುಳು ಜ್ವರ ಬರುತ್ತದೆ ಅಂತ ನೀವು ನಮ್ಮ ಗ್ರೂಪ್‌ಗೆ ಕಳಿಸಿದ ಫಾರ್ವರ್ಡ್ ಬೇರೆ ವಿಷಯ. ಅದು ಬಿಹಾರದ ಮುಜಫರ್‌ಪುರದ್ದು. ಅಲ್ಲಿ ಮೇ, ಜೂನ್‌ನಲ್ಲಿ ಬೆಳಗಿನ ಜಾವ ಮಕ್ಕಳಿಗೆ ಫಿಟ್ಸ್ ಬರುತ್ತಿತ್ತು. ತುಂಬಾ ವರ್ಷ ಎಲ್ಲರೂ ವೈರಸ್ ಅಂತಲೇ ಹುಡುಕಿದರು. 2014ರಲ್ಲಿ ಸರಿಯಾಗಿ ತನಿಖೆ ಮಾಡಿದಾಗ ಸಿಕ್ಕಿದ್ದೇನು ಗೊತ್ತಾ? ಹಗಲೆಲ್ಲ ತೋಟದಲ್ಲಿ ಲಿಚಿ ತಿಂದು, ರಾತ್ರಿ ಊಟವಿಲ್ಲದೆ ಮಲಗಿದ ಮಕ್ಕಳು. ಆ ಹಣ್ಣಿನಲ್ಲಿರುವ ಒಂದು ವಿಷ ದೇಹ ತಾನೇ ಸಕ್ಕರೆ ಮಾಡಿಕೊಳ್ಳುವುದನ್ನು ತಡೆಯುತ್ತದೆ. ಹೊಟ್ಟೆ ಖಾಲಿ ಇದ್ದರೆ ರಕ್ತದ ಸಕ್ಕರೆ ಕುಸಿದು ಫಿಟ್ಸ್. ಊಟ ಮಾಡಿದ ಮಗು ನಾಲ್ಕು ಲಿಚಿ ತಿಂದರೆ ಏನೂ ಆಗುವುದಿಲ್ಲ. ಅಲ್ಲಿ ಜೀವ ಹೋದದ್ದು ಬಡವರ ಮಕ್ಕಳದ್ದು. ಅದನ್ನು ಓದಿದಾಗ ನನಗೆ ಊಟ ಸೇರಲಿಲ್ಲ. ದಯವಿಟ್ಟು ಅದನ್ನು ಹಣ್ಣಿನ ಮೇಲೆ ಹಾಕಿ ಸುಮ್ನೆ ಫಾರ್ವರ್ಡ್ ಮಾಡಬೇಡಿ.

ಮೆದುಳು ಜ್ವರ ಅಂತ ಒಂದೇ ಹೆಸರಿದ್ದರೂ ಕಾರಣ ಹತ್ತಾರು. ಗುಜರಾತ್ ಕಡೆ ಚಾಂದಿಪುರ ವೈರಸ್, ಅದನ್ನು ತರುವುದು ಮರಳು ನೊಣ. ದಡಾರದಿಂದಲೂ ಬರುತ್ತದೆ. ಹರ್ಪಿಸ್ ವೈರಸ್‌ನಿಂದ ಬಂದರೆ ಅಸೈಕ್ಲೋವಿರ್ ಅನ್ನುವ ಔಷಧ ಇದೆ, ಆದರೆ ಬೇಗ ಶುರು ಮಾಡಬೇಕು. ಅದಕ್ಕೇ ವಾರ್ಡಿನಲ್ಲಿ ಡಾಕ್ಟರು ಬೆನ್ನಿನ ನೀರು ತೆಗೆಯಬೇಕು ಅಂದಾಗ ಬೇಡ ಅನ್ನಬೇಡಿ. ಅದರಿಂದ ಮಗು ಕುಂಟಾಗುತ್ತದೆ ಅನ್ನುವುದು ಸುಳ್ಳು. ಕಾರಣ ಗೊತ್ತಾಗುವುದೇ ಆ ನೀರಿನಿಂದ.

ಜ್ವರದ ಜೊತೆ ವಾಂತಿ, ತಲೆನೋವು, ಮಂಕು, ಕರೆದರೆ ಸರಿಯಾಗಿ ನೋಡದೇ ಇರುವುದು, ಇದರಲ್ಲಿ ಏನು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಯ ನೊರೆ ತಾನಾಗಿ ಹೊರಗೆ ಹರಿಯಲಿ. ಬಾಯಿಗೆ ಚಮಚ, ನೀರು ಏನೂ ಬೇಡ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವಾಗ, ಫಿಟ್ಸ್ ನಿಲ್ಲಲಿ ಅಂತ ಮನೆಯವರು ಹಿಡಿಸಿದ ಬೀಗದ ಕೈಯನ್ನು ನಾನು ಮಗುವಿನ ಮುಷ್ಟಿ ಬಿಡಿಸಿ ತೆಗೆದದ್ದು ಎಷ್ಟು ಸಲವೋ. ಕಬ್ಬಿಣ ಹಿಡಿಸುವುದರಲ್ಲಿ ಕಳೆಯುವ ಹೊತ್ತಿಗೆ ಗಾಡಿ ಹತ್ತಿಸಬಹುದು.

ಜೆಇ ಲಸಿಕೆ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಂಡ್ಯ, ಕೋಲಾರ, ಬಳ್ಳಾರಿ, ರಾಯಚೂರು ಕಡೆ ಮೊದಲಿಂದಲೂ ಕೊಡುತ್ತಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಹಾಸನ, ತುಮಕೂರು, ಉಡುಪಿಯಂಥ ಇನ್ನೂ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ಮಾಡಿದರು. ಅತ್ತಿಗೆ, ಪುಟ್ಟನ ತಾಯಿ ಕಾರ್ಡಿನ ಲಸಿಕೆ ಪುಟದ ಫೋಟೋ ಇವತ್ತೇ ಕಳಿಸಿ. ಎರಡನೇ ಡೋಸ್ ಬಿಟ್ಟು ಹೋಗಿದ್ದರೆ ಏನು ಮಾಡಬೇಕು ಅಂತ ನಿಮ್ಮ ಪಿಎಚ್‌ಸಿ ಸಿಸ್ಟರ್ ಹತ್ತಿರ ನಾನೇ ಮಾತಾಡುತ್ತೇನೆ.