ಬಾಲ ಒಂದೇ ಆದರೆ ಪ್ರಾಸವಾಗುತ್ತದೆಯೇ? ಇಂಗ್ಲಿಷ್ ಗುಣವಾಚಕಗಳ ಬಗ್ಗೆ ಅನುಭವ ಹಂಚಿಕೆ

ಕೇಳಿದವರು: ಹಾವೇರಿ ಜಿಲ್ಲೆಯ ಶಿಕ್ಷಕಿ

ಹಳ್ಳಿಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ನಾನು ಓದಿದ್ದು ವಿಜ್ಞಾನ. ಬೇರೆ ಯಾರೂ ಇಲ್ಲದ್ದರಿಂದ ಇಂಗ್ಲಿಷ್ ನನ್ನ ಕೊರಳಿಗೆ ಬಿತ್ತು. ಕಳೆದ ತಿಂಗಳು ನಮ್ಮ ಮಕ್ಕಳು ನಾಲ್ಕು ಸಾಲಿನ ಇಂಗ್ಲಿಷ್ ಪದ್ಯ ಕಟ್ಟಿ ಒಂದು ಸ್ಪರ್ಧೆಗೆ ಹೋದರು. ಸಾಲುಗಳ ಕೊನೆಗೆ ಕೇರ್‌ಫುಲ್, ಬ್ಯೂಟಿಫುಲ್, ಹೋಪ್‌ಫುಲ್, ವಂಡರ್‌ಫುಲ್. ತೀರ್ಪುಗಾರರು ‘ಇದರಲ್ಲಿ ಪ್ರಾಸವೇ ಇಲ್ಲ’ ಎಂದು ಅಂಕ ಕಳೆದರು, ಕಾರಣ ಹೇಳಲಿಲ್ಲ. ನಾಲ್ಕೂ ‘ಫುಲ್’ ಎಂದೇ ಮುಗಿಯುತ್ತವಲ್ಲ ಟೀಚರ್ ಎಂದು ಒಬ್ಬ ಹುಡುಗಿ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಕಷ್ಟ, ಇಂಥ ಪದಗಳ ಕಾಗುಣಿತ: ‘ಬಲ್’ ಎಂದು ಮುಗಿಯುವ ಪದಕ್ಕೆ ಎ ಬರೆಯುವುದೋ ಐ ಬರೆಯುವುದೋ? ಕಲಿಸಿದ ಅನುಭವ ಇರುವವರು ದಯವಿಟ್ಟು ಹೇಳಿ.

ಧಾರವಾಡದ ನಿವೃತ್ತ ಅಧ್ಯಾಪಕ

ತಂಗೀ, ತೀರ್ಪುಗಾರರ ಮಾತು ಸರಿ, ಕಾರಣ ಹೇಳದೆ ಎದ್ದುಹೋದದ್ದು ತಪ್ಪು. ನನ್ನ ಹೈಸ್ಕೂಲು ನೌಕರಿಯ ಉದ್ದಕ್ಕೂ ಈ ಪ್ರಶ್ನೆ ಎದುರಾಗಿದೆ. ಮೊದಲ ಕೆಲವು ವರ್ಷ ನಾನೂ ಮಕ್ಕಳಿಗೆ ತಪ್ಪು ಉತ್ತರವನ್ನೇ ಕೊಟ್ಟೆ.

ಇಂಗ್ಲಿಷಿನವರ ಕಿವಿ ಪ್ರಾಸವನ್ನು ಪದದ ಬಾಲದಲ್ಲಿ ಹುಡುಕುವುದಿಲ್ಲ. ಪದದಲ್ಲಿ ಒತ್ತಿ ಹೇಳುವ ಒಂದು ಸ್ವರವಿರುತ್ತದೆ. ಅಲ್ಲಿಂದ ಕೊನೆಯವರೆಗೆ ದನಿ ಒಂದೇ ಆಗಿರಬೇಕು, ಅದಕ್ಕೆ ಮುಂಚಿನ ವ್ಯಂಜನ ಮಾತ್ರ ಬೇರೆಯಾಗಬೇಕು. ಕೇರ್‌ಫುಲ್‌ನಲ್ಲಿ ಒತ್ತು ‘ಕೇ’ ಮೇಲೆ, ಹೋಪ್‌ಫುಲ್‌ನಲ್ಲಿ ‘ಹೋ’ ಮೇಲೆ. ಏ ಎಲ್ಲಿ, ಓ ಎಲ್ಲಿ! ಚಿಯರ್‌ಫುಲ್, ಫಿಯರ್‌ಫುಲ್, ಟಿಯರ್‌ಫುಲ್ ಎನ್ನಿ, ಅಲ್ಲಿ ಪ್ರಾಸ ಇದೆ. ಪೇನ್‌ಫುಲ್‌ಗೆ ಗೇನ್‌ಫುಲ್ ಇದೆ. ಶೇಮ್‌ಲೆಸ್, ನೇಮ್‌ಲೆಸ್, ಬ್ಲೇಮ್‌ಲೆಸ್ ಒಂದೇ ಮನೆಯವು. ನಿಮ್ಮ ಮಕ್ಕಳ ಬ್ಯೂಟಿಫುಲ್‌ಗೂ ಒಳ್ಳೆಯ ಜೋಡಿ ಇದೆ, ಡ್ಯೂಟಿಫುಲ್. ವಂಡರ್‌ಫುಲ್‌ಗೆ ಜೋಡಿ ಹುಡುಕಿ ದಣಿಯಬೇಡಿ, ಅದನ್ನು ಸಾಲಿನ ನಡುವೆ ಕೂರಿಸಿ.

ಮಕ್ಕಳಿಗೆ ಇದನ್ನು ಕನ್ನಡದಿಂದಲೇ ತೋರಿಸಿ. ‘ಸುಂದರವಾದ’, ‘ಎತ್ತರವಾದ’, ‘ವಿಶಾಲವಾದ’ ಎಂದು ಮೂರು ಸಾಲು ಮುಗಿಸಿದವನನ್ನು ಕವಿ ಎನ್ನುತ್ತೇವೆಯೇ? ‘ವಾದ’ ಪುಕ್ಕಟೆ ಸಿಕ್ಕ ಪ್ರತ್ಯಯ, ಅದಕ್ಕೆ ಬೆವರು ಸುರಿಸಬೇಕಾಗಿಲ್ಲ. ‘ಫುಲ್’ ಕೂಡ ಹಾಗೆಯೇ. ಹಳಗನ್ನಡದವರಂತೂ ಬಾಲದ ಕಡೆ ತಿರುಗಿಯೂ ನೋಡಲಿಲ್ಲ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಟ್ಟರು. ಅದರ ಹಿಂದಿನ ಸ್ವರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಒಂದೇ ಪದ್ಯದಲ್ಲಿ ಎರಡನ್ನೂ ಬೆರೆಸುವಂತಿರಲಿಲ್ಲ. ಹಿಂದಿನ ಸ್ವರವನ್ನು ತೂಗಿ ನೋಡುವ ಅಭ್ಯಾಸ ನಮ್ಮಲ್ಲಿ ಇತ್ತು ಎಂದಾಯಿತಲ್ಲ. ಸಿಂಹ, ಆನೆ ಎಂದೊಡನೆ ನನ್ನ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಲಂಡನ್ನಿನಲ್ಲಿರುವ ಒಬ್ಬ ತಾಯಿ

ಗುರುಗಳು ಹೇಳಿದ ಒತ್ತು ನಮಗೆ ಕೇಳಿಸುವುದೇ ಇಲ್ಲ ಎನ್ನುವುದು ನನ್ನ ಅನುಭವ. ನಾವು ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಇಡುತ್ತೇವೆ. ಇಲ್ಲಿ ಹುಟ್ಟಿದ ನನ್ನ ಮಗ ಆರು ವರ್ಷದವನಿದ್ದಾಗ ‘ಅಮ್ಮಾ, ನೀನು ಫೋಟೋಗ್ರಾಫಿಕ್ ಅನ್ನುವಾಗ ನಾಲ್ಕು ಪದ ಹೇಳಿದ ಹಾಗೆ ಕೇಳಿಸುತ್ತದೆ’ ಎಂದ. ಅಂದಿನಿಂದ ಕಿವಿ ಕೊಟ್ಟು ಕೇಳತೊಡಗಿದೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ತುಂಡಿನ ಮೇಲೆ, ಫೊಟಾಗ್ರಫರ್‌ನಲ್ಲಿ ಎರಡನೆಯದರ ಮೇಲೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದರ ಮೇಲೆ. ಇಲ್ಲಿ ಬಾಲ ಬದಲಾದಂತೆ ಒತ್ತು ಮುಂದೆ ಮುಂದೆ ಜಾರುತ್ತದೆ.

‘ಇಕ್’ ಬಾಲದ ಗುಣವಾಚಕಗಳಿಂದ ಆರಂಭಿಸಿ ಮೇಡಂ. ಒತ್ತು ‘ಇಕ್’ನ ಹಿಂದಿನ ತುಂಡಿನ ಮೇಲೆಯೇ ಬೀಳುತ್ತದೆ, ತಪ್ಪುವುದು ಅಪರೂಪ (ಅರೇಬಿಕ್, ಕ್ಯಾಥಲಿಕ್, ಲೂನಾಟಿಕ್ ಮಾತು ಕೇಳದ ಮಕ್ಕಳು). ಆದ್ದರಿಂದ ಪ್ರಾಸ ಸುಲಭ: ಫೆಂಟಾಸ್ಟಿಕ್, ಡ್ರಾಸ್ಟಿಕ್, ಸಾರ್ಕಾಸ್ಟಿಕ್, ಎಲಾಸ್ಟಿಕ್ ಒಂದು ಗುಂಪು; ಪೊಯೆಟಿಕ್, ಅಥ್ಲೆಟಿಕ್, ಪಥೆಟಿಕ್ ಇನ್ನೊಂದು. ನಾನು ಮಾಡಿದ ಉಪಾಯ: ಎರಡು ಕೈಗಳ ನಡುವೆ ರಬ್ಬರ್ ಬ್ಯಾಂಡ್ ಹಿಡಿದು, ಒತ್ತು ಬರುವ ಕಡೆ ಎಳೆಯುವುದು. ನನಗೇ ಇದರಿಂದ ಹೆಚ್ಚು ಉಪಯೋಗವಾಯಿತು, ಮಗನಿಗೆ ಅದು ಬೇಕಾಗಿಯೇ ಇರಲಿಲ್ಲ.

ಗದಗಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು

ಕಾಗುಣಿತದ ಬಗ್ಗೆ ನಾನು ಹೇಳುತ್ತೇನೆ, ಬೈಸಿಕೊಂಡು ಕಲಿತವನು. ‘ಬಲ್’ ಮತ್ತು ಅದರ ಹಿಂದಿನ ಎ ಅಥವಾ ಐ ತೆಗೆದುಹಾಕಿ ನೋಡಿ. ಉಳಿದದ್ದು ಸ್ವತಂತ್ರ ಪದವಾಗಿದ್ದರೆ ಬಹುಮಟ್ಟಿಗೆ ಎ: ರೀಡಬಲ್‌ನಲ್ಲಿ ರೀಡ್, ವಾಷಬಲ್‌ನಲ್ಲಿ ವಾಷ್. ಮುರುಕಲು ಉಳಿದರೆ ಐ: ವಿಸಿಬಲ್, ಹಾರಿಬಲ್, ಎಡಿಬಲ್, ಪಾಸಿಬಲ್. ನಿಯಮ ಮುರಿಯುವವು ಎರಡೂ ಕಡೆ ಇವೆ. ಫ್ಲೆಕ್ಸಿಬಲ್, ಆ್ಯಕ್ಸೆಸಿಬಲ್, ಸೆನ್ಸಿಬಲ್ ಪೂರ್ಣ ಪದ ಇದ್ದೂ ಐ ಹಿಡಿದಿವೆ. ಕೇಪಬಲ್, ಪ್ರಾಬಬಲ್ ಮುರುಕಲು ಉಳಿದೂ ಎ ಹಿಡಿದಿವೆ. ಐ ಬರುವವು ಬಹುತೇಕ ಲ್ಯಾಟಿನ್ನಿನಿಂದ ಸಿದ್ಧವಾಗಿ ಬಂದವು, ಹೊಸದಾಗಿ ಸೇರುವುದಿಲ್ಲ. ಇಂದು ಯಾರಾದರೂ ಹೊಸ ಪದ ಕಟ್ಟಿದರೆ ಎ ಹಾಕುತ್ತಾರೆ, ಡೌನ್‌ಲೋಡಬಲ್ ಎಂಬಂತೆ. ಆದ್ದರಿಂದ ಐ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿಸಿದರೆ ಸಾಕು.

‘ಶಸ್’ ಬಾಲ ಇದಕ್ಕಿಂತ ಕಳ್ಳ. ನ್ಯೂಟ್ರಿಶಸ್, ಡೆಲಿಶಸ್, ಆಂಬಿಶಸ್, ಮಲಿಶಸ್ ಕಿವಿಗೆ ಪಕ್ಕಾ ಪ್ರಾಸ, ಕಣ್ಣಿಗೆ ಎರಡು ಜಾತಿ. ನಾಮಪದ ನೋಡಿ ತೀರ್ಮಾನಿಸುತ್ತೇನೆ. ನ್ಯೂಟ್ರಿಷನ್, ಆಂಬಿಷನ್‌ಗಳಲ್ಲಿ ಟಿ-ಐ ಇದೆ, ಗುಣವಾಚಕದಲ್ಲೂ ಟಿ-ಐ. ಮಲಿಸ್, ಸ್ಪೇಸ್, ಗ್ರೇಸ್ ಸಿ-ಇ ಯಿಂದ ಮುಗಿಯುತ್ತವೆ, ಗುಣವಾಚಕದಲ್ಲಿ ಸಿ-ಐ. ಸಸ್ಪಿಷನ್ ಎಂಬ ನಾಮಪದದಲ್ಲೇ ಸಿ ಇದೆ, ಅದಕ್ಕೆ ಸಸ್ಪಿಶಸ್‌ನಲ್ಲೂ ಸಿ. ಡೆಲಿಶಸ್‌ಗೆ ಆಧಾರವಾಗಿ ಹಿಡಿಯಲು ಅಂಥ ನಾಮಪದವಿಲ್ಲ, ಅದನ್ನು ಹಾಗೆಯೇ ನುಂಗಬೇಕು. ರುಚಿಯಾದದ್ದಲ್ಲವೇ.

ಹಾಂ, ಬಾಲವಾಗಿ ಬರುವ ‘ಫುಲ್’ಗೆ ಒಂದೇ ಎಲ್. ಈ ಒಂದು ತಪ್ಪನ್ನು ಲಗ್ನಪತ್ರಿಕೆಗಳಲ್ಲಿ ಎಷ್ಟು ಸಲ ತಿದ್ದಿದ್ದೇನೋ ದೇವರೇ ಬಲ್ಲ.

ಶಿವಮೊಗ್ಗದಿಂದ ಒಬ್ಬ ತಂದೆ

ದಯವಿಟ್ಟು ಬಾಲದ ಪ್ರಕಾರ ಉದ್ದದ ಪಟ್ಟಿ ಬರೆಸಬೇಡಿ. ನನ್ನ ಮಗಳ ಟ್ಯೂಷನ್ನಿನಲ್ಲಿ ಹಾಗೆ ಮಾಡಿ, ಅವಳು ಫೇಮಸ್, ನರ್ವಸ್, ಜೆಲಸ್ ಎಂದು ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ಅರ್ಥ ಕೇಳಿದರೆ ಸೀಲಿಂಗ್ ಫ್ಯಾನ್ ನೋಡುತ್ತಿದ್ದಳು.

ಮೈಸೂರಿನ ಅನುವಾದಕಿ

ಅರ್ಥದ ಮಾತು ಬಂದದ್ದು ಒಳ್ಳೆಯದಾಯಿತು. ಫುಲ್ ಎಂದರೆ ಇದೆ, ಲೆಸ್ ಎಂದರೆ ಇಲ್ಲ ಎಂದು ಕಲಿಸಿಬಿಡುತ್ತೇವೆ. ಮಾನವಂತ, ಮಾನಗೇಡಿ ಎಂಬ ನಮ್ಮ ಜೋಡಿಯಂತೆ ಕೇರ್‌ಫುಲ್, ಕೇರ್‌ಲೆಸ್ ಸರಿಹೋಗುತ್ತವೆ. ಆದರೆ ಹೆಲ್ಪ್‌ಫುಲ್ ಎಂದರೆ ನೆರವಾಗುವವನು, ಹೆಲ್ಪ್‌ಲೆಸ್ ಎಂದರೆ ಕೈಲಾಗದವನು, ದಿಕ್ಕಿಲ್ಲದವನು. ಇವು ಒಂದಕ್ಕೊಂದು ವಿರುದ್ಧವಲ್ಲ. ಪ್ರೈಸ್‌ಲೆಸ್ ಇನ್ನೂ ಮೋಸ. ನಾನೊಮ್ಮೆ ಅವಸರದಲ್ಲಿ ಅದನ್ನು ‘ಬೆಲೆಯಿಲ್ಲದ’ ಎಂದು ಅನುವಾದಿಸಿ, ಒಂದು ಮನೆತನದ ಹಳೆಯ ಒಡವೆಯನ್ನು ಕಸ ಮಾಡಿಟ್ಟೆ. ಬೆಲೆಯಿಲ್ಲದ್ದು ವರ್ತ್‌ಲೆಸ್. ಪ್ರೈಸ್‌ಲೆಸ್ ಎಂದರೆ ಬೆಲೆ ಕಟ್ಟಲಾಗದ್ದು, ಅಂದರೆ ‘ಅಮೂಲ್ಯ’. ಈ ಪದವನ್ನೇ ಬಿಡಿಸಿ ನೋಡಿ: ಅ, ಮೂಲ್ಯ. ಅಲ್ಲಿಯೂ ಬೆಲೆ ‘ಇಲ್ಲ’ವೇ! ಮಕ್ಕಳಿಗೆ ಇದನ್ನು ತೋರಿಸಿದರೆ ಮರೆಯುವುದಿಲ್ಲ.

ಈ ‘ಲೆಸ್’ಗೂ ಕಡಿಮೆ ಎನ್ನುವ ಲೆಸ್‌ಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನ ‘ರಹಿತ’ ಎಂಬರ್ಥದ ಬೇರೆಯೇ ಪದದಿಂದ ಅದು ಬಂದಿದೆ. ಹೋಪ್‌ಲೆಸ್ ಎಂದರೆ ಸ್ವಲ್ಪ ಆಸೆ ಉಳಿದಿದೆ ಎಂದಲ್ಲ.

ಕೇಳಿದವರು, ಹತ್ತು ದಿನಗಳ ನಂತರ

ಎಲ್ಲರಿಗೂ ನಮಸ್ಕಾರ. ಸಿಂಹ ಮತ್ತು ಆನೆಯಿಂದಲೇ ಆರಂಭಿಸಿದೆ, ಗುರುಗಳೇ. ರಬ್ಬರ್ ಬ್ಯಾಂಡ್ ಎರಡನೆಯ ದಿನಕ್ಕೆ ಕಾಗದದ ಗುಂಡು ಹೊಡೆಯುವ ಸಾಧನವಾಯಿತು. ಈಗ ಒತ್ತು ಬರುವ ಕಡೆ ಮೇಜು ಕುಟ್ಟುತ್ತೇವೆ. ಪಕ್ಕದ ತರಗತಿಯ ಗಣಿತದ ಮೇಷ್ಟ್ರಿಗೆ ಇದು ಸರಿಬಂದಿಲ್ಲ. ಐ ಪಟ್ಟಿ ಗೋಡೆಯ ಮೇಲಿದೆ, ಹದಿನಾಲ್ಕು ಪದಗಳಾಗಿವೆ.

ಬಸ್ಸಿನಲ್ಲಿ ಕೇಳಿದ್ದಳಲ್ಲ, ಆ ಹುಡುಗಿ ನಿನ್ನೆ ತಾನೇ ಹುಡುಕಿದ ಜೋಡಿ ತಂದಳು: ಕ್ಯೂರಿಯಸ್, ಫ್ಯೂರಿಯಸ್. ಸರಿಯೇ ಎಂದು ನಾನು ಹೇಳುವ ಮೊದಲೇ ಅವಳೇ ಎರಡು ಸಲ ಮೇಜು ಕುಟ್ಟಿ ನೋಡಿಕೊಂಡಳು. ಆಮೇಲೆ, ಸೀರಿಯಸ್ ಯಾಕೆ ಇವರ ಜೊತೆ ಕೂರುವುದಿಲ್ಲ ಎಂದು ಕೇಳಿದ ಹುಡುಗನಿಗೆ ‘ಅದರದು ಈ, ಇವರದು ಊ’ ಎಂದು ಗದರಿದಳು. ಮಿಸ್ಟೀರಿಯಸ್ ಸಿಗುವವರೆಗೆ ಸೀರಿಯಸ್ ಒಂಟಿಯಾಗಿಯೇ ಕರಿಹಲಗೆಯ ಮೂಲೆಯಲ್ಲಿತ್ತು.