ಸಹಾಯ ಬೇಕು: ಇನ್‌ಲೇ ಕೆಲಸಕ್ಕೆ ಮೇಜು ಎಷ್ಟು ಎತ್ತರ ಮಾಡಿಸ್ಬೇಕು?

ಎಲ್ಲರಿಗೂ ನಮಸ್ಕಾರ. ನಮ್ದು ಮೈಸೂರು. ಅಪ್ಪ ಬೀಟೆ ಮರದ ಇನ್‌ಲೇ ಕೆಲಸದೋರು, ಅಂದ್ರೆ ಹಲಗೇಲಿ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡೋರು. ಮೊದಲಿಂದ್ಲೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡೇ ಕೂರೋದು. ಈಗ ಮಂಡಿ ಮಡಚಕ್ಕಾಗ್ತಿಲ್ಲ, ಸಣ್ಣ ಗರಗಸ ಹಿಡಿದ್ರೆ ಮಣಿಕಟ್ಟೂ ನೋವು. ಡಾಕ್ಟರು ಮೇಜು ಕುರ್ಚಿ ಮಾಡಿಸ್ಕೊಳ್ಳಿ ಅಂದ್ರು. ಅಪ್ಪ ಬಡಪೆಟ್ಟಿಗೆ ಒಪ್ಪಲಿಲ್ಲ, ಅದು ಬೇರೆ ಕಥೆ.

ತಲೆನೋವು ಎತ್ತರದ್ದು. ಚೂರು ಕತ್ತರಿಸೋ ನಾಜೂಕು ಕೆಲಸಕ್ಕೆ ಮೇಜು ಮೊಣಕೈಗಿಂತ 5ರಿಂದ 10 ಸೆಂ.ಮೀ. ಮೇಲಿದ್ರೆ ಒಳ್ಳೇದು, ಒತ್ತಿ ಉಳಿ ಹೊಡೆಯಕ್ಕೆ ಮೊಣಕೈಗಿಂತ ಕೆಳಗೇ ಬೇಕು. ಎರಡಕ್ಕೂ ಒಂದೇ ಮೇಜು ಹೇಗೆ? ಏರಿಸಿ ಇಳಿಸೋ ಕಾಲು ಹಾಕಿಸಿದ್ರೆ ಗರಗಸದ ಎಳೆತಕ್ಕೆ ಅಲ್ಲಾಡುತ್ತಾ? ಕೂತು ಕೆಲಸ ಮಾಡೋ ಬಡಗಿಗಳು, ಅಕ್ಕಸಾಲಿಗಳು ಯಾರಾದ್ರೂ ಇದ್ರೆ ನಿಮ್ಮ ಮೇಜಿನ ಅಳತೆ, ಫೋಟೋ ಹಾಕಿ ಪ್ಲೀಸ್. ಮೇಟಗಳ್ಳಿ ಕಡೆ ಕಬ್ಬಿಣದ ಫ್ರೇಮ್ ವೆಲ್ಡಿಂಗ್ ಮಾಡೋರು ಗೊತ್ತಿದ್ರೂ ಹೇಳಿ.